ಶುಕ್ರವಾರ ನೋಡಿದ ಮನೆ

ಮಹಡಿಯ ಮನೆಯ ಅಮ್ಮ ಮೆಟ್ಟಿಲಿಳಿದು ಬಂದು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ನಾನು ಚಿಂತಾಮಣಿಯ ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ ಡಬ್ಬಿಗೆ ಚಿತ್ರಾನ್ನ ತುರುಕುತ್ತಿದ್ದೆ. ಅವರು ಬೆಳಗಿನ ಹೊತ್ತು ಕೆಳಗೆ ಬರುವವರೇ ಅಲ್ಲ. ಬಂದರೂ ನೀರಿನ ಮೋಟಾರ್ ಹಾಕಿ ಎಂದು ಹೇಳುವುದಕ್ಕೆ, ಅದೂ ಮೆಟ್ಟಿಲಿನ ಅರ್ಧದಲ್ಲೇ ನಿಂತು. ಅವತ್ತು ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡರು, ಒಲೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಟೀಚರಮ್ಮ, ಒಂದು ಮನೆ ನೋಡಿದೀವಿ. ಸ್ವಂತಕ್ಕೆ. ನನ್ ಮಗ ಅಡ್ವಾನ್ಸ್ ಕೊಟ್ಬಿಟ್ಟಿದಾನೆ. ರಂಜಾನ್ ಶುರು ಆಗೋದ್ರೊಳಗೆ ರಿಜಿಸ್ಟ್ರಿ ಆಗ್ಬೇಕಂತೆ. ಇಲ್ದಿದ್ರೆ ಅಡ್ವಾನ್ಸೂ ಹೋಯ್ತು, ಮನೇನೂ ಹೋಯ್ತು. ಅಗ್ರಿಮೆಂಟಲ್ಲೇ ಬರೆಸ್ಕೊಂಡಿದಾರೆ. ನಮ್ ಭೋಗ್ಯದ ದುಡ್ಡು ಬೇಕಾಗುತ್ತಮ್ಮ.”

“ಅಯ್ಯೋ, ಒಳ್ಳೇ ಸುದ್ದಿ ಅಲ್ವಾ ಅಮ್ಮ! ಕೊಡಣ, ಕೊಡಣ,” ಎಂದೆ. ನಗುತ್ತಲೇ ಹೇಳಿದೆ. ಅವರು ಮೇಲೆ ಹೋದ ಮೇಲೆ ಡಬ್ಬಿಯ ಮುಚ್ಚಳವನ್ನು ತಲೆಕೆಳಗಾಗಿ ಒತ್ತುತ್ತಿದ್ದೆ. ಆ ದುಡ್ಡು ನಮ್ಮ ಹತ್ತಿರ ಇರಲಿಲ್ಲ. ಅದು ಅವರ ಕಾಲ ಕೆಳಗೇ ಇತ್ತು, ಟೈಲ್ಸ್ ಆಗಿ. ತಲೆಯ ಮೇಲೂ ಇತ್ತು, ತಾರಸಿಯಾಗಿ. ಅವರು ಕೊಟ್ಟ ಆರು ಲಕ್ಷದಿಂದಲೇ ನಾವು ಆ ಮಹಡಿಯನ್ನು ಮುಗಿಸಿದ್ದೆವು.

ಶಿಡ್ಲಘಟ್ಟದಲ್ಲಿ ಮನೆ ಕಟ್ಟಿ ಬಾಡಿಗೆಗೆ ಬಿಡಬೇಕು ಎಂಬುದು ನನ್ನ ಗಂಡನ ಹುಚ್ಚು. ಅವರ ಕೆಲಸ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವುದು. ಮೀಟರ್ ಓದಿದ ಮೇಲೆ ಸುಮ್ಮನೆ ಬರಬಾರದೇ? ಇಲ್ಲ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ನೀರು ದಿನಾ ಬರುತ್ತದೋ ವಾರಕ್ಕೊಮ್ಮೆಯೋ, ಎಲ್ಲ ಕೇಳಿಕೊಂಡು ಬರಬೇಕು. ಸಂಜೆ ಕಾಲು ತೊಳೆಯುವ ಮೊದಲೇ ಶುರು: “ಆ ಸಂದಿಯಲ್ಲಿರೋ ಎರಡು ರೂಮಿಗೆ ಎಷ್ಟ್ ಬರುತ್ತೆ ಗೊತ್ತೇನೇ? ಕೂತಲ್ಲೇ ಬರುತ್ತೆ ಕಣೇ, ಕೂತಲ್ಲೇ.” ಆ ಕೂತಲ್ಲೇ ಎಂಬ ಮಾತು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಬಾಡಿಗೆ ಮನೆ ಮಾಡಿದ ಮೇಲೆ ನಾವಿಬ್ಬರೂ ಕೂತಿದ್ದು ನನಗಂತೂ ನೆನಪಿಲ್ಲ.

ಗೌರಿಬಿದನೂರಿನ ಕಡೆ ನನ್ನ ತವರಿನ ಜಮೀನಿನಲ್ಲಿ ನನ್ನ ಪಾಲಿಗೆ ಬಂದದ್ದನ್ನು ಮಾರಿ ಸೈಟು ತೆಗೆದುಕೊಂಡೆವು. ಸೈಟಿಗೆ ಹಿಂದೆ ಒಂದು ಕಾಂಪೌಂಡ್, ಅದರಾಚೆ ಶೀಟಿನ ಚಾವಣಿಯ ಒಂದು ಉದ್ದನೆಯ ಶೆಡ್ಡು. ಬ್ರೋಕರ್ ನಮ್ಮನ್ನು ಕರೆದುಕೊಂಡು ಹೋದದ್ದು ಶುಕ್ರವಾರ ಮಧ್ಯಾಹ್ನ. ತಣ್ಣಗೆ ಗಾಳಿ ಬೀಸುತ್ತಿತ್ತು. “ಹಿಂದೆ ಏನೂ ತಂಟೆ ಇಲ್ಲ ಸಾರ್, ಗೋಡೌನು,” ಎಂದ. ಅದು ಗೋಡೌನಲ್ಲ, ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ರೀಲಿಂಗ್ ಯೂನಿಟ್ಟು. ಶುಕ್ರವಾರ ನಮಾಜಿನ ಹೊತ್ತಿಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಶನಿವಾರ ಬೆಳಿಗ್ಗೆ. ಈ ಊರಿನಲ್ಲಿ ಹುಟ್ಟಿ ಬೆಳೆದವರು ಯಾರೂ ಶುಕ್ರವಾರ ಸೈಟು ನೋಡುವುದಿಲ್ಲ. ನಾವು ಹೊರಗಿನವರು, ನಮಗೆ ರಜೆ ಇದ್ದ ದಿನ ನೋಡಿದೆವು, ಒಪ್ಪಿದೆವು, ಹಲ್ಲು ಕಿರಿದುಕೊಂಡು ಟೀ ಕುಡಿದೆವು.

ಕೆಳಗಿನ ಮನೆ ಕಟ್ಟಿ ನಾವು ಸೇರಿಕೊಂಡಾಗ ವಾಸನೆ ಗೊತ್ತಾಯಿತು. ಬೇಯುವ ಹುಳುವಿನ ವಾಸನೆಯನ್ನು ಗೊತ್ತಿಲ್ಲದವರಿಗೆ ಹೇಗೆ ಹೇಳುವುದು? ಹಳಸಿದ ಮಾಂಸದ ಸಾರನ್ನು ಯಾರೋ ಮತ್ತೆ ಮತ್ತೆ ಕುದಿಸುತ್ತಿರುವ ಹಾಗೆ. ಆದರೆ ಕೆಳಗೆ ಅಷ್ಟೇನೂ ಬಡಿಯುತ್ತಿರಲಿಲ್ಲ. ಹಿಂದಿನ ಕಾಂಪೌಂಡ್ ಗೋಡೆ ಎತ್ತರವಾಗಿತ್ತು, ಯೂನಿಟ್ಟಿನ ಹೊಗೆಕೊಳವೆ ಅದಕ್ಕಿಂತ ಮೇಲಿತ್ತು. ನಮಗೆ ಸಮಾಧಾನವಾಯಿತು. ಕೊಳವೆಯ ಬಾಯಿ ಸರಿಯಾಗಿ ಎಷ್ಟು ಎತ್ತರಕ್ಕಿದೆ ಎಂದು ನೋಡುವ ಬುದ್ಧಿ ಇಬ್ಬರಿಗೂ ಬರಲಿಲ್ಲ. ಮಹಡಿ ಎದ್ದ ಮೇಲೆ ನೋಡಿದರೆ ಅದು ಹಿಂದಿನ ಕೋಣೆಯ ಕಿಟಕಿಗೆ ನೇರವಾಗಿ ಮುಖಮಾಡಿಕೊಂಡು ನಿಂತಿತ್ತು.

ಆ ಮಹಡಿ ಗೋಡೆಯ ಮಟ್ಟಕ್ಕೆ ಬಂದಾಗಲೇ ದುಡ್ಡು ಮುಗಿದಿತ್ತು. ನನ್ನ ಸಂಬಳದ ಮೇಲೆ ಎತ್ತಬಹುದಾದ ಸಾಲವನ್ನೆಲ್ಲ ಎತ್ತಿಯಾಗಿತ್ತು. ಸೈಟಿನ ಖಾತೆ ಸರಿಯಿಲ್ಲವೆಂದು ಬ್ಯಾಂಕಿನವರು ಕಾಗದ ಮೂಸಿಯೂ ನೋಡಲಿಲ್ಲ. ಆಗ ನನ್ನ ಗಂಡ ಭೋಗ್ಯದ ಮಾತು ತೆಗೆದರು. ಭೋಗ್ಯ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದೇ. ಮನೆಗೆ ಬರುವವರು ಒಂದೇ ಗಂಟಿನಲ್ಲಿ ದೊಡ್ಡ ಮೊತ್ತ ಕೊಡುತ್ತಾರೆ, ಇರುವಷ್ಟು ವರ್ಷ ಬಾಡಿಗೆ ಇಲ್ಲ, ಹೋಗುವ ದಿನ ಕೊಟ್ಟದ್ದನ್ನು ಅಷ್ಟಕ್ಕಷ್ಟೇ ವಾಪಸ್ ತೆಗೆದುಕೊಳ್ಳುತ್ತಾರೆ. ಒಂದು ಕೈಲಿ ದುಡ್ಡು, ಇನ್ನೊಂದು ಕೈಲಿ ಬೀಗದ ಕೈ. ಅದು ರೂಢಿ.

ನಾನು ಹೈಸ್ಕೂಲು ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು. ನನ್ನ ಗಂಡ ಒಂದು ಇಟ್ಟಿಗೆ ಚೂರು ತೆಗೆದುಕೊಂಡು ಗಾರೆ ಕಾಣದ ಗೋಡೆಯ ಮೇಲೆ ಬರೆದರು. ತಿಂಗಳಿಗೆ ಆರು ಸಾವಿರ ಬಾಡಿಗೆ ಎಂದರೆ ವರ್ಷಕ್ಕೆ ಎಪ್ಪತ್ತೆರಡು. ಆರು ಲಕ್ಷವನ್ನು ಹೊರಗೆ ಸಾಲ ತಂದರೆ ಬಡ್ಡಿಯೂ ವರ್ಷಕ್ಕೆ ಎಪ್ಪತ್ತೆರಡು. “ನೋಡು, ಎರಡೂ ಒಂದೇ. ಯಾರ ಕಾಲೂ ಹಿಡಿಯೋ ಹಂಗಿಲ್ಲ.” ಎರಡೂ ಒಂದೇ ಅಲ್ಲ ಎಂದೆ. ಸಾಲವಾದರೆ ತಿಂಗಳು ತಿಂಗಳು ಇಷ್ಟಿಷ್ಟೇ ಕರಗುತ್ತದೆ, ಭೋಗ್ಯ ಕರಗುವುದಿಲ್ಲ, ಒಂದು ದಿನ ಪೂರ್ತಿ ಎದ್ದು ನಿಂತು ಕೊಡು ಎನ್ನುತ್ತದೆ ಎಂದೆ. ಮಧ್ಯೆ ಸುಣ್ಣಬಣ್ಣ ಇದೆ, ಮೋಟಾರು ಸುಡುವುದು ಇದೆ, ಕಂದಾಯ ಇದೆ, ಖಾಲಿ ಬೀಳುವ ತಿಂಗಳುಗಳಿವೆ, ಅವೆಲ್ಲ ನಿಮ್ಮ ಗೋಡೆಯ ಮೇಲೆ ಎಲ್ಲಿವೆ ಎಂದೆ. “ಇವರು ಹೋಗೋವಾಗ ಇನ್ನೊಬ್ರು ಬರ್ತಾರೆ ಕಣೇ. ಅವರು ಕೊಟ್ಟಿದ್ದು ಇವರಿಗೆ. ನಮ್ ಕೈಯಿಂದ ಏನ್ ಹೋಗುತ್ತೆ?” ಎಂದರು. ಊರಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ನಾನೂ ಕೊನೆಗೆ ಹೂಂ ಎಂದೆ. ಆ ಲೆಕ್ಕದ ಮೇಲೆ ಗಾರೆ ಮೆತ್ತಿದೆವು.

ಬಂದವರು ಈ ಅಮ್ಮ, ಅವರ ಮಗ. ಉರ್ದು ಮಾತಾಡುವ ಮನೆ. ಗಂಡ ಬದುಕಿದ್ದಾಗ ಸಣ್ಣ ರೀಲಿಂಗ್ ಯೂನಿಟ್ಟು ನಡೆಸುತ್ತಿದ್ದರಂತೆ. ಅವರು ಹೋದ ಮೇಲೆ ಅದನ್ನು ಮಾರಿ ಬಂದ ದುಡ್ಡೇ ನಮಗೆ ಕೊಟ್ಟ ಭೋಗ್ಯ. ಮಗ ಮಾರ್ಕೆಟ್ಟಿನಲ್ಲಿ ಗೂಡು ಕೊಂಡು ಬೇರೆಯವರ ಯೂನಿಟ್ಟುಗಳಿಗೆ ಸಾಗಿಸುತ್ತಿದ್ದ. ಮನೆ ನೋಡಲು ಬಂದಾಗ ಹಿಂದೆ ಯೂನಿಟ್ಟು ಕೆಲಸ ಮಾಡುತ್ತಿತ್ತು, ವಾಸನೆ ಗಮ್ಮೆಂದು ತುಂಬಿತ್ತು. ಅಮ್ಮ ಏನೂ ಅನ್ನಲಿಲ್ಲ. ನನ್ನ ಗಂಡ ಅವತ್ತು ಖುಷಿಯಿಂದ ಹೇಳಿದ್ದು ನೆನಪಿದೆ: “ರೇಷ್ಮೆ ಜನ ಕಣೇ. ಅವರಿಗೆ ಇದು ಮಲ್ಲಿಗೆ ಇದ್ದಂಗೆ.” ಮೂರು ವರ್ಷ ಅವರು ಇದ್ದರು. ಹಿಂದಿನ ಕೋಣೆಯ ಕಿಟಕಿ ಯಾವಾಗಲೂ ಮುಚ್ಚಿರುತ್ತಿತ್ತು. ಶೆಡ್ಡಿನಲ್ಲಿ ಗಂಡಸರು ಕೆಲಸ ಮಾಡುತ್ತಾರಲ್ಲ, ಅವರಲ್ಲಿ ಹೆಂಗಸರು ಕಿಟಕಿ ತೆಗೆಯುವುದಿಲ್ಲವೇನೋ ಎಂದುಕೊಂಡಿದ್ದೆ. ಬೆಳಿಗ್ಗೆ ಸಂಜೆ ಲೋಬಾನದ ಹೊಗೆ ಮೆಟ್ಟಿಲವರೆಗೆ ಇಳಿದು ಬರುತ್ತಿತ್ತು. ಭಕ್ತಿಯ ಹೆಂಗಸು ಎಂದುಕೊಂಡಿದ್ದೆ.

ಈಗ ಆ ಅಮ್ಮನಿಗೆ ದುಡ್ಡು ಬೇಕು, ರಂಜಾನಿಗೆ ಇನ್ನು ಎರಡು ತಿಂಗಳೂ ಇಲ್ಲ.

ಭೋಗ್ಯಕ್ಕೆ ಮನೆ ಇದೆ ಎಂದು ಊರೆಲ್ಲ ಹೇಳಿದೆವು. ಜನ ಬಂದರು, ಬರಲಿಲ್ಲ ಎನ್ನುವಂತಿಲ್ಲ. ಕೈವಾರದ ಕಡೆಯ ಒಬ್ಬ ಮೇಷ್ಟ್ರು ಹಾಲ್, ಅಡುಗೆಮನೆ ಎಲ್ಲ ನೋಡಿ ತಲೆದೂಗಿ, ಹಿಂದಿನ ಕೋಣೆಗೆ ಕಾಲಿಟ್ಟವರು ಹಾಗೇ ಹಿಂದಕ್ಕೆ ಬಂದರು. ಚಿಕ್ಕಬಳ್ಳಾಪುರದಿಂದ ವರ್ಗವಾಗಿ ಬಂದ ಒಬ್ಬರು ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ “ಮನೆ ಚೆನ್ನಾಗಿದೆ, ಫೋನ್ ಮಾಡ್ತೀವಿ” ಎಂದರು. ಫೋನ್ ಮಾಡಲಿಲ್ಲ. ಪ್ರತಿಯೊಬ್ಬರಿಗೂ ನಾನು ಒಂದೇ ಮಾತು ಹೇಳುತ್ತಿದ್ದೆ: “ಒಂದು ವಾರ ಅಷ್ಟೆ, ಆಮೇಲೆ ಅಭ್ಯಾಸ ಆಗ್ಬಿಡುತ್ತೆ. ನೋಡಿ, ಈ ಅಮ್ಮ ಮೂರು ವರ್ಷದಿಂದ ಇದಾರೆ, ಅವರಿಗೆ ಏನೂ ಅನ್ಸೋದೇ ಇಲ್ಲ.” ಅಮ್ಮ ಅಲ್ಲೇ ನಿಂತಿರುತ್ತಿದ್ದರು. ಹೌದು ಎನ್ನುತ್ತಿರಲಿಲ್ಲ, ಇಲ್ಲ ಎನ್ನುತ್ತಿರಲಿಲ್ಲ. ಅವರಿಗೂ ಯಾರಾದರೂ ಒಪ್ಪಿದರೆ ಸಾಕಾಗಿತ್ತು.

ಚಳಿಗಾಲ ಬೇರೆ. ಬೆಳಗಿನ ಮಂಜು ಹೊಗೆಯನ್ನು ಮೇಲೆ ಹೋಗಲು ಬಿಡುತ್ತಿರಲಿಲ್ಲ. ನಾನು ಚಿಂತಾಮಣಿಯ ಬಸ್ಸಿನಲ್ಲಿ ಕೂತು ಯಾರ ಹತ್ತಿರ ಕೇಳಬಹುದು ಎಂದು ನೆಂಟರನ್ನೆಲ್ಲ ಒಬ್ಬೊಬ್ಬರನ್ನೇ ನೆನೆಯುತ್ತಿದ್ದೆ. ನೆನೆದವರ ಕಷ್ಟವೂ ಜೊತೆಗೇ ನೆನಪಾಗುತ್ತಿತ್ತು. ತರಗತಿಯಲ್ಲಿ ಬಡ್ಡಿಯ ಲೆಕ್ಕ ಬಂದ ದಿನ ಬೋರ್ಡಿನ ಮೇಲೆ ಅಸಲು ಎಂದು ಬರೆದು ಅಲ್ಲೇ ನಿಂತುಬಿಟ್ಟೆ. ಹಿಂದಿನ ಬೆಂಚಿನ ಹುಡುಗಿ “ಮಿಸ್, ಮುಂದೆ?” ಎಂದಳು. ಸಂಜೆ ಮನೆಗೆ ಬಂದರೆ ಮೆಟ್ಟಿಲ ಹತ್ತಿರ ಅಮ್ಮನ ಚಪ್ಪಲಿ ಕಂಡರೂ ಸದ್ದು ಮಾಡದೆ ಒಳಗೆ ನುಸುಳುತ್ತಿದ್ದೆ. ಅವರು ಕೇಳುತ್ತಿರಲಿಲ್ಲ, ಅದೇ ಕಷ್ಟ. ಬಾಯಿ ಮಾಡಿದ್ದರೆ ನಾನೂ ಬಾಯಿ ಮಾಡಬಹುದಿತ್ತು.

ಒಂದು ದಿನ ಅಮ್ಮನೇ ಬಂದು ನನ್ನ ಕೈಯಲ್ಲಿ ಬೀಗದ ಕೈ ಇಟ್ಟರು.

“ಸಾಮಾನು ಎಲ್ಲ ನನ್ ತಂಗಿ ಮನೆಗೆ ಸಾಗಿಸ್ತಿದೀವಿ ಟೀಚರಮ್ಮ. ಚಿಂತಾಮಣಿಲಿ. ನಮ್ ಪೆಟ್ಟಿಗೆ ಗಂಟು ಎಲ್ಲ ಇದ್ರೆ ನೋಡಕ್ಕೆ ಬರೋರಿಗೆ ಮನೆ ಚಿಕ್ಕದಾಗಿ ಕಾಣುತ್ತೆ. ಖಾಲಿ ಇದ್ರೆ, ನೀವು ಒಂದ್ ಕೈ ಸುಣ್ಣ ಹೊಡಿಸಿದ್ರೆ, ಬೇಗ ಹೋಗುತ್ತೆ.”

ಅವರ ಹಿಂದೆ ಮಗ ನಿಂತಿದ್ದ. ಮುಖ ಕೆಂಪಾಗಿತ್ತು. “ದುಡ್ಡು ಬರೋವರೆಗೂ ಕೀ ಕೊಡಬಾರ್ದು ಅಮ್ಮೀ, ಯಾರಾದ್ರೂ ಕೊಡ್ತಾರಾ?” ಎಂದು ನನ್ನೆದುರೇ ಹೇಳಿದ. ಆಮೇಲೆ ಉರ್ದುವಿನಲ್ಲಿ ಇನ್ನೂ ಏನೋ ಗೊಣಗಿದ. ಅಮ್ಮ ಅವನ ಕಡೆ ತಿರುಗದೆ “ಟೀಚರಮ್ಮ ಎಲ್ಲಿ ಹೋಗ್ತಾರೆ? ಇಲ್ಲೇ ಇರ್ತಾರಲ್ಲ,” ಎಂದರು. ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಭೋಗ್ಯದ ಮನೆಯವರಿಗೆ ಇರುವ ಒಂದೇ ಒಂದು ಹಿಡಿತ ಆ ಬೀಗದ ಕೈ. ದುಡ್ಡು ಕೊಡದೆ ಅವರನ್ನು ಯಾರೂ ಎಬ್ಬಿಸುವಂತಿಲ್ಲ. ಅದನ್ನು ಅವರು ನನ್ನ ಅಂಗೈಯಲ್ಲಿಟ್ಟು ಆಟೋ ಹತ್ತಿ ಹೋದರು.

ಆವತ್ತಿನಿಂದ ನನ್ನ ಗಂಡ ಬೇರೆ ಮನುಷ್ಯರಾದರು. ಒಂದು ತಿಂಗಳಿಂದ ಸರಿಯಾಗಿ ಊಟ ಮಾಡದವರು ಮುದ್ದೆಯನ್ನು ಎರಡನೇ ಸಲ ಹಾಕಿಸಿಕೊಂಡರು. ಕೈತೊಳೆದು ಬಂದು ಗೋಡೆಗೆ ಒರಗಿ ಹೇಳಿದರು, “ಇನ್ನೇನ್ ಅರ್ಜೆಂಟಿಲ್ಲ ಬಿಡು. ಮೇ ತಿಂಗಳವರೆಗೂ ತಳ್ಳಣ. ವರ್ಗಾವಣೆ ಟೈಮಲ್ಲಿ ಜನ ಬರ್ತಾರೆ, ಎಂಟು ಲಕ್ಷ ಕೇಳಬಹುದು.”

“ರಂಜಾನ್ ಯಾವಾಗ ಗೊತ್ತಾ ನಿಮಗೆ?”

“ಅವರೇನ್ ಬೀದೀಲಿದಾರಾ? ತಂಗಿ ಮನೇಲಿ ಇದಾರೆ ತಾನೆ.”

“ಆ ಮನೆ ಕೈ ತಪ್ಪಿದ್ರೆ? ಅಡ್ವಾನ್ಸ್ ಹೋದ್ರೆ?”

“ಇನ್ನೊಂದ್ ಸಿಗುತ್ತೆ. ಆ ಮನೆ ನಾನ್ ನೋಡಿದೀನಿ, ಮೀಟರ್ ಓದಕ್ಕೆ ಹೋಗಿದ್ದೆ. ಊರಾಚೆ, ಮೇಲೂರಿನ ದಾರೀಲಿ, ಶೀಟ್ ಹಾಕಿರೋ ಎರಡು ರೂಮು. ಅದೇ ದುಡ್ಡಿಗೆ ಮಸೀದಿ ಹಿಂದೆ ತಾರಸಿ ಮನೇನೇ ಬರುತ್ತೆ. ಅವರಿಗೆ ಲೆಕ್ಕ ಗೊತ್ತಿಲ್ಲ.”

ನನಗೆ ಬಂದ ಸಿಟ್ಟು ಇಷ್ಟು ಅಂತ ಹೇಳಲಾರೆ. ಬೀಗದ ಕೈ ಕೊಟ್ಟವರು ದಡ್ಡರು, ಇಟ್ಟುಕೊಂಡವರು ಜಾಣರು ಎಂಬುದು ಯಾವ ಊರಿನ ಲೆಕ್ಕ? ಬಾಯಿಗೆ ಬಂದದ್ದೆಲ್ಲ ಅಂದೆ. ಅವರಿಗೆ ಸಿಟ್ಟು ನೆತ್ತಿಗೇರಿದರೆ ಹುಟ್ಟೂರು ಚಿಂತಾಮಣಿಯ ತೆಲುಗು ಹೊರಗೆ ಬರುತ್ತದೆ. “ಊರ್ಕೋವೇ!”, ಸುಮ್ಮನಿರೇ, ಎಂದು ಕೂಗಿ ಬೈಕ್ ತೆಗೆದುಕೊಂಡು ಹೊರಟರು. ನಾನು ಬೀಗದ ಕೈಯನ್ನು ತಾಳಿಯ ಸರದ ಪಿನ್ನಿಗೆ ಸಿಕ್ಕಿಸಿಕೊಂಡೆ. ಶಾಲೆಗೂ ಹಾಗೇ ಹೋದೆ.

ಅಮ್ಮ ಚಿಂತಾಮಣಿಯಲ್ಲೇ ಇದ್ದುದರಿಂದ ಒಮ್ಮೆ ಮಾರ್ಕೆಟ್ಟಿನ ಹತ್ತಿರ ಎದುರಿಗೇ ಸಿಕ್ಕರು. ತಂಗಿಯ ಮನೆಯಲ್ಲಿ ಜಾಗ ಕಿರಿದು, ಅವರು ನಡುಮನೆಯಲ್ಲಿ ಮಲಗುತ್ತಾರೆ ಎಂದು ಮಾತಿನ ಮಧ್ಯೆ ತಿಳಿಯಿತು. ದುಡ್ಡಿನ ಮಾತು ಎತ್ತಲಿಲ್ಲ. “ಉಪವಾಸದ ಮೊದಲ್ನೇ ರೋಜಾ ನಮ್ ಮನೇಲೇ ಇಡಬೇಕು ಅಂತ ಆಸೆ ಟೀಚರಮ್ಮ,” ಎಂದಷ್ಟೇ ಹೇಳಿ ನಕ್ಕರು. ನನಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಮುಂದಿನ ಶುಕ್ರವಾರ ಮಧ್ಯಾಹ್ನ ಶಾಲೆಗೆ ಅರ್ಧ ದಿನ ರಜೆ ಹಾಕಿ ಬೀಗದ ಕೈ ತೆಗೆದುಕೊಂಡು ಬಾ ಎಂದು ನನ್ನ ಗಂಡ ಫೋನ್ ಮಾಡಿದರು. ಬಂದು ನೋಡಿದರೆ ಮಹಡಿಯ ಬಾಗಿಲಲ್ಲಿ ಅವರ ಜೊತೆ ಒಂದು ಎಳೆಯ ಜೋಡಿ. ಹುಡುಗ ಖಾಸಗಿ ಸಂಸ್ಥೆಯಲ್ಲಿ ಕೆಲಸಕ್ಕೆ ಹೊಸದಾಗಿ ಬಂದವನು, ಶಿವಮೊಗ್ಗದ ಕಡೆಯವನು. ಹುಡುಗಿಯ ಹೆಗಲ ಮೇಲೆ ಕೂಸು ಮಲಗಿತ್ತು. ನಾನು ಬೀಗ ತೆಗೆದೆ, ನನ್ನ ಗಂಡ ಕಿಟಕಿಗಳನ್ನೆಲ್ಲ ತೆರೆದರು. ಹಿಂದಿನ ಶೆಡ್ಡಿಗೆ ಬೀಗ. ಹೊಸ ಸುಣ್ಣದ ವಾಸನೆ ಬಿಟ್ಟರೆ ಏನೂ ಇಲ್ಲ. ಗಾಳಿ ತಣ್ಣಗೆ ಬೀಸುತ್ತಿತ್ತು.

“ಎಷ್ಟು ಚೆನ್ನಾಗಿ ಗಾಳಿ ಬರ್ತದೆ ನೋಡ್ರೀ,” ಎಂದಳು ಹುಡುಗಿ. “ಈ ರೂಮಲ್ಲಿ ತೊಟ್ಟಿಲು ಕಟ್ಟಬಹುದು.”

ಅವಳು ತೋರಿಸಿದ್ದು ಹಿಂದಿನ ಕೋಣೆಯನ್ನು. ನನ್ನ ಗಂಡ ನನ್ನ ಕಡೆ ನೋಡಲಿಲ್ಲ. “ಹಿಂದೆ ಏನಿದೆ ಸಾರ್?” ಎಂದು ಹುಡುಗ ಕೇಳಿದ. “ಗೋಡೌನು,” ಎಂದರು ನನ್ನ ಗಂಡ. ಬ್ರೋಕರ್ ಅಂದಿದ್ದು ಅದೇ ಮಾತು, ಅದೇ ರಾಗ. ಅವತ್ತು ನಾವು ನಿಂತಿದ್ದ ಜಾಗದಲ್ಲಿ ಈಗ ಈ ಮಕ್ಕಳು ನಿಂತಿದ್ದಾರೆ, ಅವನು ನಿಂತಿದ್ದ ಜಾಗದಲ್ಲಿ ನಾವು. ಹುಡುಗ ಆಗಲೇ ಫೋನ್ ತೆಗೆದಿದ್ದ. ಏಳು ಲಕ್ಷಕ್ಕೆ ಮಾತಾಗಿದೆ, ಈಗಲೇ ಐವತ್ತು ಸಾವಿರ ಹಾಕುತ್ತೇನೆ, ಉಳಿದದ್ದು ಸೋಮವಾರದೊಳಗೆ, ನಿಮ್ಮ ನಂಬರ್ ಹೇಳಿ ಎಂದ.

ನನ್ನ ತಲೆಯಲ್ಲಿ ಏನೇನು ಓಡಿತು! ಏಳು ಲಕ್ಷ. ಆರು ಅಮ್ಮನಿಗೆ. ಮುಂದಿನ ವಾರವೇ ರಿಜಿಸ್ಟ್ರಿ, ಎಲ್ಲ ಸರಿಹೋಗುತ್ತದೆ. ಸುಮ್ಮನಿರುವುದು ಅಷ್ಟೇ ನನ್ನ ಕೆಲಸ. ಅಮ್ಮನ ಮನೆಗಾಗಿ ಸುಮ್ಮನಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳಲೂಬಹುದು. ಆ ಕೂಸು ಹೆಗಲ ಮೇಲೆ ಬಾಯಿ ತೆರೆದು ಉಸಿರಾಡುತ್ತಿತ್ತು. ನನಗೆ ಧರ್ಮ ನೆನಪಾಯಿತು ಎಂದರೆ ಸುಳ್ಳಾಗುತ್ತದೆ, ಬ್ರೋಕರನ ಮುಖ ನೆನಪಾಯಿತು. ಟೀ ಕುಡಿಯುವಾಗ ಅವನು ನಮ್ಮನ್ನು ನೋಡಿದ ರೀತಿ ನೆನಪಾಯಿತು.

“ಇವತ್ತು ದುಡ್ಡು ಹಾಕ್ಬೇಡಪ್ಪ,” ಎಂದೆ. “ನಾಳೆ ಶನಿವಾರ. ಬೆಳಿಗ್ಗೆ ಹತ್ತು ಗಂಟೆಗೆ ಬಂದು ಈ ಕಿಟಕಿ ಹತ್ರ ನಿಂತ್ಕೊಂಡು ನೋಡಿ. ಆಮೇಲೂ ಬೇಕು ಅನ್ಸಿದ್ರೆ ಹಾಕಿ.”

ಹುಡುಗ ಇಬ್ಬರನ್ನೂ ನೋಡಿದ. ನನ್ನ ಗಂಡನ ಕಿವಿಯವರೆಗೂ ರಕ್ತ ಏರಿತ್ತು. ಆ ಜೋಡಿ ಹೋದ ಮೇಲೆ ಜಗಳವಾಗಲಿಲ್ಲ. ಜಗಳವಾಗಿದ್ದರೆ ಚೆನ್ನಾಗಿತ್ತು. “ನೀನೇ ಕೊಡು ಆ ಆರು ಲಕ್ಷ,” ಎಂದಷ್ಟೇ ಹೇಳಿ ಮುಖ ತಿರುಗಿಸಿದರು. ಅವತ್ತು ಮಾಡಿದ ಅನ್ನವನ್ನು ಇಬ್ಬರೂ ಮುಟ್ಟಲಿಲ್ಲ.

ಶನಿವಾರ ಆ ಜೋಡಿ ಬಂದರು. ಬರುವುದಿಲ್ಲ ಎಂದುಕೊಂಡಿದ್ದೆ. ಮೇಲೆ ಹೋದರು, ಕಿಟಕಿ ತೆರೆದರು. ಕೊಳವೆ ಸರಿಯಾಗಿ ಕೆಲಸ ಮಾಡುತ್ತಿತ್ತು. ಕೂಸು ಮೊದಲು ಕೆಮ್ಮಿತು, ಆಮೇಲೆ ಅತ್ತಿತು. ಹುಡುಗಿ ಸೆರಗಿನಿಂದ ಅದರ ಮುಖ ಮುಚ್ಚಿಕೊಂಡು ದಡದಡ ಮೆಟ್ಟಿಲಿಳಿದಳು. ನಾನು ಕೆಳಗೆ ಬಾಗಿಲಲ್ಲಿ ನಿಂತಿದ್ದೆ, ಎಲ್ಲ ಮುಗಿಯಿತು ಎಂದುಕೊಂಡು. ಅವಳು ಕೂಸನ್ನು ಸಮಾಧಾನ ಮಾಡುತ್ತಾ ನಮ್ಮ ಪಡಸಾಲೆಗೆ ಬಂದು ಕೂತಳು. ನೀರು ಕೊಟ್ಟೆ. ಕುಡಿದು, ಸುತ್ತ ನೋಡಿ, ಉಸಿರೆಳೆದು ನೋಡಿ, “ಇಲ್ಲಿ ಅಷ್ಟು ಇಲ್ಲಲ್ರೀ,” ಎಂದಳು. “ಆಂಟಿ, ಈ ಮನೆ ಕೊಡ್ತೀರಾ?”

ನನ್ನ ಗಂಡ ಹೊರಗೆ ಬೈಕ್ ಒರೆಸುತ್ತಿದ್ದವರು ಬಟ್ಟೆ ಕೈಯಲ್ಲಿ ಹಿಡಿದು ಒಳಗೆ ಬಂದರು. ಬೇಡ ಎನ್ನುತ್ತಾರೆ ಎಂದುಕೊಂಡೆ. ಅವರು ಮೀಟರ್ ನೋಡುವ ಹಾಗೆ ನಮ್ಮದೇ ಮನೆಯ ಗೋಡೆಗಳನ್ನು ಒಂದು ಸುತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ.

“ಏಳು ಲಕ್ಷ,” ಎಂದರು.

ಹೀಗೆ ನಮ್ಮ ಸಾಲ ತೀರಲಿಲ್ಲ, ಸಾಲ ಕೊಟ್ಟವರು ಬದಲಾದರು ಅಷ್ಟೆ. ಮೂರು ವರ್ಷದ ಮೇಲೆ ಈ ಹುಡುಗಿಯೂ ಒಂದು ಬೆಳಿಗ್ಗೆ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ, ಅದು ನನಗೆ ಚೆನ್ನಾಗಿ ಗೊತ್ತು. ಮಿಕ್ಕ ಒಂದು ಲಕ್ಷಕ್ಕೆ ಕೈ ಹಚ್ಚಬಾರದು, ನನ್ನ ಸಂಬಳದಲ್ಲಿ ಪ್ರತಿ ತಿಂಗಳೂ ಅದಕ್ಕೆ ಸೇರಿಸಬೇಕು ಎಂದು ಷರತ್ತು ಹಾಕಿದೆ. ನನ್ನ ಗಂಡ ಎದುರಾಡಲಿಲ್ಲ. ಭಾನುವಾರ ನಾವೇ ಬೀರು, ಮಂಚ, ದೇವರ ಫೋಟೋ ಎಲ್ಲ ಹೊತ್ತು ಮಹಡಿಗೆ ಸಾಗಿಸಿದೆವು. ನಮ್ಮ ಮನೆಯ ಮೆಟ್ಟಿಲುಗಳು ಇಷ್ಟು ಕಡಿದು ಎಂದು ನನಗೆ ಗೊತ್ತಿರಲಿಲ್ಲ.

ಸೋಮವಾರ ಹುಡುಗನ ದುಡ್ಡು ಬರಲಿಲ್ಲ. ಊರಿನಲ್ಲಿ ಅವನ ತಂದೆಯ ಖಾತೆಯಲ್ಲಿ ಏನೋ ತಡೆಯಂತೆ. ಮಂಗಳವಾರವೂ ಬರಲಿಲ್ಲ. ಬುಧವಾರ ರಿಜಿಸ್ಟ್ರಿ. ಅಮ್ಮ, ಅವರ ಮಗ, ಮನೆ ಮಾರುವವರು ಬೆಳಿಗ್ಗೆಯೇ ನೋಂದಣಿ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕೂತಿದ್ದರು. ನಾನೂ ಹೋಗಿ ಕೂತೆ. ಮಾರುವವರು ಗಡಿಯಾರ ನೋಡಿ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಅಮ್ಮನ ಮಗ ನನಗೆ ಬೆನ್ನು ಹಾಕಿ ಕೂತಿದ್ದ. ಅಮ್ಮ ಮಾತ್ರ ಚೀಲದಿಂದ ಬಿಸ್ಕತ್ತು ತೆಗೆದು ನನಗೊಂದು ಕೊಟ್ಟರು. ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತೆ. ಮಧ್ಯಾಹ್ನದ ಊಟಕ್ಕೆ ಕಚೇರಿ ಬಾಗಿಲು ಹಾಕಿದರು. ಬಾಗಿಲು ಮತ್ತೆ ತೆರೆಯುವ ಹೊತ್ತಿಗೆ ನನ್ನ ಗಂಡ ಬೈಕಿನಲ್ಲಿ ಬಂದರು, ದೂರದಿಂದಲೇ ಕೈಯೆತ್ತಿ ಫೋನ್ ತೋರಿಸಿದರು. ಬಂದಿತ್ತು. ನಾನು ಮುಖ ಮುಚ್ಚಿಕೊಂಡು ಅತ್ತೆ. ಎಲ್ಲರೆದುರು ಅತ್ತದ್ದಕ್ಕೆ ಆಮೇಲೆ ನಾಚಿಕೆಯೂ ಆಯಿತು.

ರಂಜಾನ್ ಶುರುವಾಗುವ ಹಿಂದಿನ ಸಂಜೆ ಅಮ್ಮ ಮನೆ ನೋಡಲು ಕರೆದರು. ನನ್ನ ಗಂಡ ಬರಲಿಲ್ಲ. ಮೇಲೂರಿನ ದಾರಿಯಲ್ಲಿ, ಊರು ಮುಗಿದು ಹಿಪ್ಪುನೇರಳೆ ತೋಟಗಳು ಶುರುವಾಗುವ ಕಡೆ, ನನ್ನ ಗಂಡ ಹೇಳಿದಂತೆಯೇ ಶೀಟು ಹಾಕಿದ ಎರಡು ಕೋಣೆ. ನೆಲಕ್ಕೆ ಬರೀ ಗಾರೆ. ನಮ್ಮ ಮಹಡಿಯ ಅರ್ಧವೂ ಇಲ್ಲ. ಈ ದುಡ್ಡಿಗೆ ಇದು ದುಬಾರಿಯೇ ಎಂದು ನನ್ನ ಲೆಕ್ಕದ ತಲೆಗೂ ಅನ್ನಿಸಿತು. ಅಮ್ಮ ಖರ್ಜೂರ ಕೊಟ್ಟರು, ಟೀ ಕೊಟ್ಟರು. ಆಮೇಲೆ ಕೈ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋಗಿ ಕಿಟಕಿಯ ಎರಡೂ ಬಾಗಿಲು ತೆರೆದು ನಿಂತರು.

“ಬನ್ನಿ ಟೀಚರಮ್ಮ, ಇಲ್ ನಿಂತ್ಕೊಳಿ. ಉಸಿರು ಎಳ್ಕೊಂಡು ನೋಡಿ.”

ಎಳೆದುಕೊಂಡೆ. ಒದ್ದೆ ಮಣ್ಣಿನ ವಾಸನೆ, ಸೊಪ್ಪಿನ ವಾಸನೆ. ಬೇರೇನೂ ಇಲ್ಲ.

“ಏನೂ ಇಲ್ಲ ಅಲ್ವಾ?” ಎಂದರು. ಅವರ ಮುಖದಲ್ಲಿ ಚಿಕ್ಕ ಹುಡುಗಿಯ ಖುಷಿ ಇತ್ತು. “ಮದುವೆ ಆಗಿ ಬಂದ ದಿನದಿಂದ ಮೂಗಲ್ಲಿ ಅದೇ ವಾಸನೆ. ನಮ್ ಮನೆಯವ್ರು ಹೇಳ್ತಿದ್ರು, ಒಂದಿನ ನಿಂಗೆ ವಾಸನೆ ಇಲ್ದಿರೋ ಮನೆ ಮಾಡ್ಕೊಡ್ತೀನಿ ಅಂತ. ಅವರ ಕೈಲಿ ಆಗ್ಲಿಲ್ಲ. ಅದಕ್ಕೇ ಇಷ್ಟು ದೂರ ಹುಡುಕಿದ್ದು. ನನ್ ಮಗನಿಗೂ ಬೇಜಾರೇ, ದೂರ ಅಂತಾನೆ.”

“ನಿಮಗೆ ಅಭ್ಯಾಸ ಆಗಿರಲಿಲ್ವಾ ಅಮ್ಮ?” ಎಂದೆ.

“ಅಭ್ಯಾಸ ಎಲ್ಲಿ ಆಗುತ್ತಮ್ಮ,” ಎಂದರು ಅಮ್ಮ, ಕಿಟಕಿಯ ಆಚೆ ನೋಡುತ್ತಲೇ. “ಹೇಳೋದು ಬಿಡ್ತೀವಿ ಅಷ್ಟೆ.”

ಮನೆಗೆ ಬಂದಾಗ ಕೆಳಗೆ ನಮ್ಮ ಪಡಸಾಲೆಯಲ್ಲಿ ಆ ಕೂಸು ನಗುತ್ತಿತ್ತು. ಮೆಟ್ಟಿಲು ಹತ್ತಿ ಮೇಲೆ ಹೋದೆ. ಯೂನಿಟ್ಟಿನಲ್ಲಿ ಇನ್ನೂ ಕೆಲಸ ನಡೆದಿತ್ತು, ವಾಸನೆ ಬಾಗಿಲಲ್ಲೇ ಎದುರಾಯಿತು. ನನ್ನ ಗಂಡ ಚಾಪೆಯ ಮೇಲೆ ಕೂತು ಟಿವಿ ನೋಡುತ್ತಿದ್ದರು.

“ಹೆಂಗಿದೆ ಮನೆ?” ಎಂದರು. “ದುಡ್ಡು ದಂಡ ಮಾಡ್ಕೊಂಡ್ರು ತಾನೆ?”

“ಇಲ್ಲ,” ಎಂದೆ. ಒಳಗೆ ಹೋಗಿ ಹಿಂದಿನ ಕೋಣೆಯ ಕಿಟಕಿ ಮುಚ್ಚಿದೆ.